ಕಾರಿನ ಹೊಳಪಿಗೆ ಮೊದಲು ನೀರು, ಆಮೇಲೆ ಬಟ್ಟೆ

ಪಾಲಮಲೆಯ ತಪ್ಪಲಿನ ಕೊಳತ್ತೂರು ಕಡೆಯ ಮಣ್ಣುದಾರಿಯಲ್ಲಿ ಒಮ್ಮೆ ಹೋಗಿಬಂದರೆ ಸಾಕು, ಬಿಳಿಯ ಕಾರು ಕೆಂಪಾಗಿರುತ್ತದೆ. ಭಾನುವಾರ ಪೂಜೆಗೆ ಹೊರಡುವ ಅವಸರದಲ್ಲಿ ಅನೇಕ ಮನೆಗಳಲ್ಲಿ ಹಳೆಯ ಬನಿಯನ್ ತೆಗೆದುಕೊಂಡು ಒಣಧೂಳನ್ನೇ ಉಜ್ಜುವುದುಂಟು. ಹೀಗೆ ಮಾಡಿದರೆ ಹೊಳಪು ಬರುವುದಿಲ್ಲ, ಇದ್ದ ಹೊಳಪೂ ಹೋಗುತ್ತದೆ.

ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಧೂಳಿನಲ್ಲಿರುವ ಮರಳಿನ ಕಣ ಅದನ್ನು ಗೀರುತ್ತದೆ. ಬಿಸಿಲಿನಲ್ಲಿ ಕಾಣುವ ಜೇಡರಬಲೆಯಂಥ ಗೆರೆಗಳು ಹೀಗೆ ಬಂದವು. ಸಾಲ ಮಾಡಿ ಕೊಂಡ ಕಾರಿನ ಬಣ್ಣ ಮಸುಕಾದರೆ, ನಾಳೆ ಮಾರುವಾಗ ಬೆಲೆಯೂ ಇಳಿಯುತ್ತದೆ.

ಆದುದರಿಂದ ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು. ನೀರಿನ ಅಭಾವವಿದ್ದರೆ ಎರಡು ಬಕೆಟ್ ಸಾಕು: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಒರೆಸಬೇಕು. ಬಟ್ಟೆ ಒಗೆಯುವ ಪುಡಿ ಬೇಡ, ಅದು ಮೇಣದ ಪದರವನ್ನು ತೆಗೆದುಬಿಡುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಿಸಿಲಿನಲ್ಲಿ ತಾನಾಗಿ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ನೆರಳಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಕೂಡಲೇ ಒರೆಸಿ. ಹುಣಸೆಮರದ ಕೆಳಗೆ ನಿಲ್ಲಿಸಿದಾಗ ಬಿದ್ದ ಹಕ್ಕಿಯ ಹಿಕ್ಕೆಯನ್ನು ಕೆರೆಯಬೇಡಿ. ಒದ್ದೆ ಬಟ್ಟೆ ಹಾಕಿ ನೆನೆಸಿ, ಅಂದೇ ತೆಗೆಯಿರಿ.

ಇನ್ನು ಸೀಟಿನ ವಿಚಾರ. ಚರ್ಮದಂತೆ ಕಾಣುವ ಅನೇಕ ಸೀಟುಗಳು ನಿಜವಾಗಿ ರೆಕ್ಸಿನ್. ಕಾರಿನ ಪುಸ್ತಕ ನೋಡಿ ತಿಳಿದುಕೊಳ್ಳಿ. ಎರಡಕ್ಕೂ ತೆಂಗಿನೆಣ್ಣೆ ಹಚ್ಚಬಾರದು. ಅದು ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ, ಬಟ್ಟೆಗೂ ಅಂಟುತ್ತದೆ. ರೆಕ್ಸಿನ್‌ಗೆ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ನಿಜವಾದ ಚರ್ಮವಾದರೆ ಬೆವರು, ಧೂಳು ಒರೆಸಿದ ಮೇಲೆ ಕೆಲವು ತಿಂಗಳಿಗೊಮ್ಮೆ ಲೆದರ್ ಕಂಡೀಷನರ್ ತೆಳುವಾಗಿ ಹಚ್ಚಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಎರಡೂ ಬಿರಿಯುತ್ತವೆ. ಗಾಜಿಗೆ ಮರೆ ಕಟ್ಟಿ.

ಇದಕ್ಕೆ ಹೆಚ್ಚು ಹಣ ಬೇಡ, ವಾರಕ್ಕೆ ಅರ್ಧ ಗಂಟೆ ಸಾಕು. ಮನೆಯ ಮಕ್ಕಳು ಒಣಬಟ್ಟೆ ಹಿಡಿದು ಸಹಾಯಕ್ಕೆ ಬಂದರೆ ಬೈಯಬೇಡಿ, ಅವರ ಕೈಗೆ ಮೊದಲು ನೀರಿನ ಚೊಂಬು ಕೊಡಿ.