ಮೊದಲು ಕಾಣುವುದು ನರ್ಸ್ ಕಣ್ಣಿಗೆ

ಕನಕಪುರದ ಕಾಡಂಚಿನ ಹೊಲದಲ್ಲಿ ರಾಗಿ ಕೊಯ್ಯುವಾಗ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕರೆತಂದರೆ, ನಾವು ನರ್ಸ್‌ಗಳು ಮೊದಲು ಕೈಗೆತ್ತಿಕೊಳ್ಳುವ ಸಾಮಾನುಗಳಲ್ಲಿ ಒಂದು ಗಾಜಿನ ಪುಟ್ಟ ನಳಿಕೆ. ಅದು ಒಣಗಿರಬೇಕು, ಸೋಪಿನಲ್ಲಿ ತೊಳೆದಿರಬಾರದು, ಪ್ಲಾಸ್ಟಿಕ್ಕಿನದಂತೂ ಆಗುವುದೇ ಇಲ್ಲ. ಅದರೊಳಗೆ ಎರಡು ಮಿ.ಲೀ. ರಕ್ತ ಬಿಟ್ಟು, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಮೈಗೇರಿದೆ ಎಂದೇ ತಿಳಿಯಬೇಕು. ಆ 20 ನಿಮಿಷವೂ ನರ್ಸ್ ಕಣ್ಣು ರೋಗಿಯ ಮೇಲೇ ಇರುತ್ತದೆ. ರೆಪ್ಪೆ ಜೋತುಬೀಳುತ್ತಿದೆಯೇ, ಮಾತು ತೊದಲುತ್ತಿದೆಯೇ, ವಸಡಿನಲ್ಲಿ ರಕ್ತ ಜಿನುಗುತ್ತಿದೆಯೇ, ಕಚ್ಚಿದ ಜಾಗದ ಊತ ಮೇಲಕ್ಕೆ ಏರುತ್ತಿದೆಯೇ? ಪ್ರತಿವಿಷ ಬರೆಯುವವರು ವೈದ್ಯರು. ಅದನ್ನು ಹನಿಹನಿಯಾಗಿ ಏರಿಸುತ್ತ, ಮೈ ನಡುಗಿದರೆ ಅಥವಾ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕೂಗುವವರು ನರ್ಸ್.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ. ಕಾಯಿಲೆ ತಿರುವು ತೆಗೆದುಕೊಳ್ಳುವುದು ಮೊದಲು ಕಾಣುವುದು ನರ್ಸ್ ಕಣ್ಣಿಗೆ. ಆ ಕಣ್ಣಿಗೆ ಪುರುಸೊತ್ತು ಬೇಕು, ಕಂಡದ್ದನ್ನು ಹೇಳಲು ಅಧಿಕಾರ ಬೇಕು. ಇವೆರಡನ್ನೂ ಕೊಡದೆ ಎಷ್ಟು ಕಟ್ಟಡ ಕಟ್ಟಿದರೂ ಊರಿನ ಆರೋಗ್ಯ ಸುಧಾರಿಸುವುದಿಲ್ಲ.

ಹೆರಿಗೆಯಾದ ಮೇಲಿನ ಎರಡು ಗಂಟೆ

ಕರ್ನಾಟಕದಲ್ಲಿ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು ಎನ್ನುತ್ತದೆ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೂ 2018–20ರ ಲೆಕ್ಕದಂತೆ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾಯುತ್ತಿದ್ದರು. ಆಸ್ಪತ್ರೆಗೆ ಬಂದರೆ ಸಾಲದು, ಬಂದ ಮೇಲೆ ಪಕ್ಕದಲ್ಲಿ ಯಾರಾದರೂ ಇರಬೇಕು.

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತೇವೆ. ಮಾಸು ಬಿದ್ದ ಮೇಲೆ ಅದು ಪೂರ್ತಿ ಬಂದಿದೆಯೇ ಎಂದು ತಿರುವಿ ನೋಡುತ್ತೇವೆ. ಅಲ್ಲಿಂದ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ರಕ್ತಸ್ರಾವ ನೋಡಬೇಕು. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಗರ್ಭಕೋಶ ಕ್ರಿಕೆಟ್ ಚೆಂಡಿನಂತೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಾಗಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂಬ ಎಚ್ಚರಿಕೆ. ಮನೆಯವರು ಹೊರಗೆ ಸಿಹಿ ಹಂಚುತ್ತಿರುವ ಹೊತ್ತದು. ಬಾಣಂತಿ "ಯಾಕೋ ಕಣ್ ಕತ್ಲೆ ಬತ್ತಾದೆ ಸಿಸ್ಟ್ರೇ" ಅಂದರೆ ಸುಸ್ತಿರಬೇಕು ಎಂದು ಬಿಟ್ಟುಬಿಡುವಂತಿಲ್ಲ. ಬಟ್ಟೆ ಸರಿಸಿ ನೋಡಲೇಬೇಕು.

ಒಬ್ಬ ನರ್ಸ್ ಒಂದೇ ಪಾಳಿಯಲ್ಲಿ ಹೆರಿಗೆ ಕೋಣೆ, ಬಾಣಂತಿಯರ ವಾರ್ಡು, ತುರ್ತು ಚಿಕಿತ್ಸೆ ಮೂರನ್ನೂ ನೋಡಿಕೊಳ್ಳಬೇಕಾಗಿ ಬಂದರೆ ಈ ಹದಿನೈದು ನಿಮಿಷದ ಲೆಕ್ಕ ತಪ್ಪುತ್ತದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಆ ಮಾನದಂಡ ವಾರ್ಡಿನಲ್ಲಿ ಕಾಣುವುದು ಅಪರೂಪ.

ಕಸುಬು ಕೇಳದೆ ಕಾಯಿಲೆ ತಿಳಿಯದು

ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಪ್ರತಿ ಹೊಸ ನರ್ಸ್‌ಗೆ ನಾನು ಹೇಳುವುದು ಒಂದೇ: ಹೆಸರು, ವಯಸ್ಸಿನ ಜೊತೆಗೆ "ಏನ್ ಕೆಲ್ಸ ಮಾಡ್ತೀಯವ್ವಾ?" ಎಂದೂ ಕೇಳು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಅಲ್ಲಿಂದ ಗೂಡು ಹೋಗುವುದು ನೂಲು ಬಿಚ್ಚುವ ಘಟಕಗಳಿಗೆ. ಬಿಸಿನೀರಿನಲ್ಲಿ ದಿನವಿಡೀ ಕೈ ಅದ್ದುವ ಹೆಂಗಸರ ಬೆರಳು ಬಿಳಿಚಿ, ಬಿರಿದು, ಹುಣ್ಣಾಗುತ್ತವೆ. ಹಬೆ ಮತ್ತು ಗೂಡಿನ ಧೂಳಿನಿಂದ ಕೆಲವರಿಗೆ ಉಬ್ಬಸ ಬರುತ್ತದೆ. ಕೆಲಸ ಕೇಳದಿದ್ದರೆ ಅದು "ಕೆಮ್ಮು" ಎಂದಷ್ಟೇ ಚೀಟಿಯಲ್ಲಿ ಉಳಿಯುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಮೂಗಿಗೆ ಹಾಲೆ ಮರದ ಪುಡಿ ಹೋಗುತ್ತದೆ, ಕನಕಪುರದ ಕಡೆ ಕಲ್ಲು ಒಡೆಯುವವರ ಎದೆಗೆ ಕಲ್ಲಿನ ಧೂಳು ಇಳಿಯುತ್ತದೆ. ಕಲ್ಲುಧೂಳು ತಂದ ಶ್ವಾಸಕೋಶದ ರೋಗಕ್ಕೂ ಕ್ಷಯಕ್ಕೂ ನಂಟಿದೆ. ಹಾಗಾಗಿ ಇಂಥವರ ಕಫ ಪರೀಕ್ಷೆ ಮಾಡಿಸುವುದನ್ನು ಮುಂದಕ್ಕೆ ಹಾಕಬಾರದು.

ಮಾಗಡಿ, ಕನಕಪುರ, ರಾಮನಗರದ ಬೆಟ್ಟದಂಚಿನ ಇರುಳಿಗ ಬುಡಕಟ್ಟಿನವರ ಕಾಲೊನಿಗಳಿಗೆ ಹೋದಾಗ ಕಲಿಯುವ ಪಾಠ ಬೇರೆ. ಅಲ್ಲಿ ರೋಗಿ ನಮ್ಮ ಹತ್ತಿರ ಬರಲಿ ಎಂದು ಕಾದರೆ ಹೊತ್ತು ಮೀರಿರುತ್ತದೆ. ಆಶಾ ಕಾರ್ಯಕರ್ತೆಯ ಜೊತೆ ನಾವೇ ಹಟ್ಟಿ ಹತ್ತಬೇಕು, ಎರಡು ಸಲ ಸುಮ್ಮನೆ ಮಾತಾಡಿ ಬರಬೇಕು. ಮೂರನೆಯ ಸಲ ಗರ್ಭಿಣಿ ತಾನಾಗಿಯೇ ತಾಯಿ ಕಾರ್ಡು ತೆಗೆದು ತೋರಿಸುತ್ತಾಳೆ.

ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಿಗೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣದ ಮಾತ್ರೆ ಸರ್ಕಾರವೇ ಕೊಡುತ್ತದೆ. ಮಾತ್ರೆ ಮನೆ ಸೇರುತ್ತದೆ, ಎಷ್ಟೋ ಮನೆಗಳಲ್ಲಿ ಹೊಟ್ಟೆ ಮಾತ್ರ ಸೇರುವುದಿಲ್ಲ. ಮಲ ಕಪ್ಪಗಾಗುತ್ತದೆ, ಹೆದರಬೇಡ. ಕಾಫಿ, ಟೀ ಜೊತೆ ನುಂಗಬೇಡ. ನಿಂಬೆರಸ ಕುಡಿದರೆ ಚೆನ್ನಾಗಿ ಹಿಡಿಯುತ್ತದೆ. ಇಷ್ಟನ್ನು ಮೊದಲೇ ಹೇಳಿದರೆ ಮಾತ್ರೆ ಅಟ್ಟದ ಡಬ್ಬಿಯಲ್ಲಿ ಉಳಿಯುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು ಎನ್ನುವ ಅತ್ತೆಯ ಜೊತೆ ಜಗಳಕ್ಕಿಳಿಯದೆ, "ಹಾಲು ಬರ್ಬೇಕು ಅಂದ್ರೆ ನೀರು ಬೇಕಲ್ವಾ ಅಜ್ಜಿ?" ಎಂದು ಒಪ್ಪಿಸುವುದೂ ಶುಶ್ರೂಷೆಯೇ.

ಕ್ಲೋಸ್‌ಪೇಟೆ ಕಲಿಸಿದ್ದು

ಹೀಗೆ ಜನರ ಬಳಿಗೇ ಹೋಗಿ ರೋಗ ತಡೆಯುವ ಕೆಲಸ ಈ ನೆಲಕ್ಕೆ ಹೊಸದಲ್ಲ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ 1930ರ ದಶಕದಲ್ಲೇ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದಿತ್ತು. ಕಾಯಿಲೆ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದಂತೆ ತಡೆಯುವುದು ಮೊದಲ ಕೆಲಸ, ಅದನ್ನು ಹಳ್ಳಿಯಲ್ಲೇ ನಿಂತು ಕಲಿಯಬೇಕು ಎಂಬುದು ಅದರ ಹಿಂದಿನ ವಿಚಾರ. ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದದ್ದು ಅದಾದ ಎಷ್ಟೋ ವರ್ಷಗಳಿಗೆ. ಆ ಪರಂಪರೆ ಇರುವ ಜಿಲ್ಲೆ ರೋಗ ತಡೆಯುವುದರಲ್ಲಿ ರಾಜ್ಯಕ್ಕೇ ಮೇಲ್ಪಂಕ್ತಿಯಾಗಬೇಕಿತ್ತು.

ಮುಂಚಿತವಾಗಿ ಎಚ್ಚರಗೊಳ್ಳುವ ಇದೇ ದಾರಿಯಲ್ಲಿ ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಒಳ್ಳೆಯ ಹೆಜ್ಜೆ. ಎಲ್ಲಿ, ಯಾವ ತಿಂಗಳು, ಯಾವ ಬೆಳೆಯ ಹೊಲದಲ್ಲಿ ಕಡಿತ ಹೆಚ್ಚು ಎಂದು ತಿಳಿದರೆ ಪ್ರತಿವಿಷವನ್ನು ಮೊದಲೇ ಅಲ್ಲಿಗೆ ಮುಟ್ಟಿಸಬಹುದು. ಆ ವರದಿಯನ್ನು ಭರ್ತಿ ಮಾಡಲು ಕೂಡ ನರ್ಸ್‌ಗೆ ಸಮಯ ಬೇಕು ಎಂಬುದನ್ನು ಆದೇಶ ಹೊರಡಿಸುವವರು ನೆನಪಿಡಬೇಕು.

ಓದು, ಕೆಲಸ, ಸಂಬಳ

ದೇಶದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರು ಸುತ್ತಿನ ಕಾಲೇಜುಗಳಲ್ಲಿ ಕೇರಳದ, ಈಶಾನ್ಯದ ಮಕ್ಕಳು ತುಂಬಿರುತ್ತಾರೆ. ಐವತ್ತು ಕಿ.ಮೀ. ಆಚೆಯ ನಮ್ಮ ಹಳ್ಳಿಯ ಮಕ್ಕಳು ಅಲ್ಲಿ ಕಡಿಮೆ. "ರಾತ್ರಿ ಕೆಲ್ಸ, ಹೆಣ್ಮಕ್ಳಿಗೆ ಬ್ಯಾಡ" ಎನ್ನುವ ತಂದೆತಾಯಿಗೆ ನಾನು ಹೇಳುವುದಿಷ್ಟು: ದುಡಿದ ಕೈಗೆ ಕೆಲಸ ತಪ್ಪದ ವೃತ್ತಿ ಇದು. ಗಂಡುಮಕ್ಕಳೂ ಧಾರಾಳವಾಗಿ ಬರಬಹುದು. ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಮುಂದೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯಲ್ಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡಬಹುದು, ಪಾಠ ಹೇಳಬಹುದು, ಶಸ್ತ್ರಚಿಕಿತ್ಸೆ ಇಲ್ಲವೆ ತೀವ್ರ ನಿಗಾ ಘಟಕದಲ್ಲಿ ಪರಿಣತಿ ಪಡೆಯಬಹುದು. ಜರ್ಮನಿಗೆ ಹೋಗುವವರು ಅಲ್ಲಿನ ಭಾಷೆ ಕಲಿಯಬೇಕು, ಅಮೆರಿಕಕ್ಕೆ ಹೋಗುವವರು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರವಾನಗಿ ಪರೀಕ್ಷೆ ಬರೆಯಬೇಕು.

ಸಂಬಳದ ಮಾತನ್ನು ಮುಚ್ಚಿಡಬಾರದು. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕೆಂದಿತು. ಅದಕ್ಕಿಂತ ಕಡಿಮೆಗೆ ದುಡಿಯುವ ನರ್ಸ್‌ಗಳು ಇಂದಿಗೂ ಇದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಗುತ್ತಿಗೆಯ ಮೇಲೆ ವರ್ಷಗಟ್ಟಲೆ ಕಳೆದವರೂ ಇದ್ದಾರೆ. ಕಲಿತ ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗುತ್ತಾರೆಂದು ದೂರುವ ಮೊದಲು ಅವರು ಇಲ್ಲೇ ಉಳಿಯುವಂತೆ ನಡೆಸಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಆಡಳಿತ ನಡೆಸುವವರಲ್ಲಿ ನನ್ನ ಬೇಡಿಕೆ ಮೂರು. ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಿ. ರಾತ್ರಿಪಾಳಿಯಲ್ಲಿ ಒಬ್ಬ ನರ್ಸ್ ಮೇಲೆ ಎರಡು ವಾರ್ಡು ಹೊರಿಸಬೇಡಿ. ಹೆರಿಗೆಗೆ ತರಬೇತಾದ ನರ್ಸನ್ನು ಹೆರಿಗೆ ಕೋಣೆಯಿಂದ ಬೇರೆಡೆಗೆ ಎತ್ತಂಗಡಿ ಮಾಡಬೇಡಿ.

ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿಗೆ ಒಂದು ಕಿವಿಮಾತು. ಶುಲ್ಕ ಕಟ್ಟುವ ಮುನ್ನ ಆ ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ವಿದ್ಯಾರ್ಥಿಗಳು ಕೆಲಸ ಕಲಿಯಲು ನಿಜವಾದ ಆಸ್ಪತ್ರೆ, ತುಂಬಿದ ವಾರ್ಡು ಇವೆಯೇ ಎಂದು ಕಣ್ಣಾರೆ ನೋಡಿ ಬನ್ನಿ. ಏಜೆಂಟನ ಮಾತು ನಂಬಿ ಹಣ ಕೊಡಬೇಡಿ. ಇಷ್ಟು ನೋಡಿಕೊಂಡರೆ ಮಗಳನ್ನಾಗಲಿ ಮಗನನ್ನಾಗಲಿ ಧೈರ್ಯವಾಗಿ ಈ ಕೆಲಸಕ್ಕೆ ಕಳಿಸಿ. ನಮ್ಮ ಆಸ್ಪತ್ರೆಗಳಿಗೆ ನಮ್ಮ ಮಾತು, ನಮ್ಮ ಕಸುಬು, ನಮ್ಮ ಊಟ ಗೊತ್ತಿರುವ ಮಕ್ಕಳು ಬೇಕಾಗಿದ್ದಾರೆ.