ಗುಪ್ತ ಡಬ್ಬಿಯೊಳಗಿನ ಸಹಿ ಪುಸ್ತಕ

ಕುಂದಾಪುರದ ಕಡೆ ಆಸಾಡಿಯಲ್ಲಿ ಕಪಾಟಿನೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಗೋಡೆಯ ಪಂಚಾಂಗ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಒಣಗದ ಬಟ್ಟೆ ಒಲೆಯ ಮೇಲಿನ ಹಗ್ಗಕ್ಕೆ ಏರುತ್ತದೆ. ಮಾಡಿನ ಅಡಿಯ ಕಾಗದಕ್ಕೇ ಈ ಪಾಡಾದರೆ ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಇಟ್ಟ ಕಾಗದದ ಗತಿಯೇನು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಜಿಯೋಕ್ಯಾಶಿಂಗ್ ಆಡಬೇಕೆನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಆಟ ಸರಳ. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ ಅದರ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಆ ಪುಸ್ತಕಕ್ಕೆ ಲಾಗ್‌ಬುಕ್ ಎಂದು ಹೆಸರು. ಡಬ್ಬಿ ಬೆರಳ ತುದಿಯಷ್ಟಿರಲಿ, ಬಕೆಟ್ಟಿನಷ್ಟಿರಲಿ, ಲಾಗ್‌ಬುಕ್ ಇರಲೇಬೇಕು. ಚಿಕ್ಕ ಡಬ್ಬಿಯಾದರೆ ಸುರುಳಿ ಸುತ್ತಿದ ಕಾಗದದ ಪಟ್ಟಿಯೇ ಪುಸ್ತಕ.

ಈ ಆಟ ಹುಟ್ಟಿದ ದಿನ ಖಚಿತವಾಗಿ ದಾಖಲಾಗಿದೆ. ಅಮೆರಿಕ ಅಲ್ಲಿಯವರೆಗೆ ನಾಗರಿಕ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ನಿಂತ ಜಾಗವನ್ನು ಉಪಕರಣ ನೂರು ಮೀಟರಿನಷ್ಟು ತಪ್ಪಾಗಿ ತೋರಿಸುವುದಿತ್ತು. 2000ದ ಮೇ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಆ ಕೆಡಿಸುವಿಕೆ ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ ಅಡಗಿಸಿದರು. ಅದರಲ್ಲಿ ಕೆಲವು ಪುಸ್ತಕಗಳು, ಒಂದು ಕವಣೆ, ಒಂದು ಡಬ್ಬಿ ಬೀನ್ಸ್, ಜೊತೆಗೆ ಲಾಗ್‌ಬುಕ್ ಮತ್ತು ಪೆನ್ಸಿಲ್ ಇದ್ದವು. ಮೇ 6ರ ಹೊತ್ತಿಗೆ ಅದು ಎರಡು ಬಾರಿ ಸಿಕ್ಕಿತ್ತು, ಪುಸ್ತಕದಲ್ಲಿ ಸಹಿಯಾದದ್ದು ಮಾತ್ರ ಒಮ್ಮೆ, ಮೈಕ್ ಟೀಗ್ ಅವರದು. ಚರಿತ್ರೆಯಲ್ಲಿ ಉಳಿದದ್ದು ಸಹಿ ಮಾಡಿದವರ ಹೆಸರು. ಅದೇ ಮೇ ತಿಂಗಳಲ್ಲಿ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಷ್ ಅದಕ್ಕೊಂದು ಜಾಲತಾಣ ತೆರೆದಾಗ ಗೊತ್ತಿದ್ದ ಡಬ್ಬಿಗಳು ಬರೀ 75. ಇಂದು ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚಿವೆ.

ಬಯಲಿನಲ್ಲಿ ಗುರುತು ಬಿಟ್ಟು ಬರುವ ಪದ್ಧತಿ ಜಿಪಿಎಸ್‌ಗಿಂತ ಹಳೆಯದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗಕ್ಕೆ ಜನರನ್ನು ಕರೆದೊಯ್ಯುತ್ತಿದ್ದ ಮಾರ್ಗದರ್ಶಿ ಜೇಮ್ಸ್ ಪೆರೊಟ್ 1854ರಲ್ಲಿ ಅಲ್ಲೊಂದು ಗಾಜಿನ ಭರಣಿ ಇಟ್ಟ. ತಲುಪಿದವರು ತಮ್ಮ ಭೇಟಿ ಚೀಟಿಯನ್ನು ಅದರಲ್ಲಿ ಹಾಕುತ್ತಿದ್ದರು. 1905ರಲ್ಲಿ ಚೀಟಿಯ ಜಾಗಕ್ಕೆ ಸಂದರ್ಶಕರ ಪುಸ್ತಕ ಬಂತು. ಅಂದಿನಿಂದಲೇ ಪುಸ್ತಕ ತುಂಬಿದರೆ, ನೆನೆದರೆ ಯಾರು ನೋಡಿಕೊಳ್ಳಬೇಕು ಎಂಬ ಹೊಣೆಯೂ ಶುರುವಾಯಿತು.

ಆ ಹೊಣೆ ಕಡತ, ಓಲೆಗರಿಗಳನ್ನು ಕಾಪಾಡಿದ ನಮ್ಮವರಿಗೆ ಹೊಸದಲ್ಲ. ಇಂದು ಕಚೇರಿಗಳಲ್ಲಿ ಕಡತವೆಂದರೆ ಫೈಲು. ಮೂಲದ ಕಡತವೇ ಬೇರೆ. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕರಿ ಪುಸ್ತಕ ಅದು. ಬರೆಯುವುದು ಬಳಪದಲ್ಲಿ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆಲ್ಲ ಗೊತ್ತು. ವರ್ತಕರ ಲೆಕ್ಕ ತೀರಿದ ಮೇಲೆ ಕಡತವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಓಲೆಗರಿಯನ್ನು ಹಾಗೆ ಒರೆಸುವಂತಿರಲಿಲ್ಲ. ಕಂಟವೆಂಬ ಲೋಹದ ಮೊನೆಯಿಂದ ಕೊರೆದ ಅಕ್ಷರಕ್ಕೆ ಮಸಿ ಹಚ್ಚಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಹುಳುವಿನಿಂದ ಕಾಯುತ್ತಿದ್ದರು. ಗರಿ ಮುರಿಯತೊಡಗಿದರೆ ಕೂತು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಲಾಗ್‌ಬುಕ್ಕನ್ನು ಒರೆಸುವಂತೆಯೂ ಇಲ್ಲ, ಪ್ರತಿ ಮಾಡುವಂತೆಯೂ ಇಲ್ಲ. ಒಬ್ಬರ ಸಹಿಯನ್ನು ಇನ್ನೊಬ್ಬರು ಬರೆದರೆ ಅದು ಸಹಿಯಾಗುವುದಿಲ್ಲ. ಆದ್ದರಿಂದ ಮೂಲವನ್ನೇ ಉಳಿಸಬೇಕು. ಈ ಆಟದ ಮರ್ಯಾದೆಗಳೆಲ್ಲ ಹುಟ್ಟಿದ್ದು ಇಲ್ಲಿಂದ.

ಹುಡುಕಿ ಹೋದವರಿಗೆ ಪುಸ್ತಕ ತುಂಬಿರುವುದು ಕಂಡರೆ ಅಂಚಿನಲ್ಲೋ ರಟ್ಟಿನ ಒಳಬದಿಯಲ್ಲೋ ಸಣ್ಣದಾಗಿ ಸಹಿ ಮಾಡಬಹುದು. ಜಾಗವೇ ಇಲ್ಲದಿದ್ದರೆ ಒಂದು ಒಣ ಹಾಳೆ ಸೇರಿಸಬಹುದು. ಹಳೆಯ ಪುಸ್ತಕವನ್ನು ತೆಗೆದೊಯ್ಯುವ, ಎಸೆಯುವ ಅಧಿಕಾರ ಮಾತ್ರ ಅವರಿಗಿಲ್ಲ. ಅದು ಡಬ್ಬಿ ಇಟ್ಟವರದು. ಜಾಲತಾಣದಲ್ಲಿ ಸಿಕ್ಕಿತೆಂದು ಬರೆದವರು ನಿಜವಾಗಿ ಸಹಿ ಮಾಡಿದ್ದಾರೆಯೇ ಎಂದು ತಾಳೆ ನೋಡಲು ಅವರಿಗೆ ಇರುವ ಆಧಾರ ಆ ಪುಸ್ತಕವೊಂದೇ. ಪುಸ್ತಕ ನೆನೆದಿದ್ದರೆ ಅದರ ಮೇಲೆ ಬರೆಯಹೋಗಬಾರದು, ಹಾಳೆ ಹರಿಯುತ್ತದೆ. ಡಬ್ಬಿಯ ನೀರು ಚೆಲ್ಲಿ, ಒರೆಸಿ, ಬೇರೊಂದು ಚೀಟಿಯಲ್ಲಿ ಸಹಿ ಮಾಡಿಟ್ಟು, ದುರಸ್ತಿ ಬೇಕೆಂದು ಜಾಲತಾಣದಲ್ಲಿ ತಿಳಿಸಬೇಕು. ಹಾಗೆ ತಿಳಿಸುವುದು ದೂರಲ್ಲ, ಉಪಕಾರ.

ಡಬ್ಬಿಯೇ ಕಾಣದಿದ್ದರೆ ತಮ್ಮದೊಂದು ಹೊಸ ಡಬ್ಬಿ ಇಟ್ಟು ಸಹಿ ಹಾಕಿ ಬರುವವರಿದ್ದಾರೆ. ಇದು ಸಲ್ಲದು. ಹಳೆಯದು ಎರಡು ಅಡಿ ಆಚೆಗೇ ಇರಬಹುದು; ಒಂದೇ ಜಾಗದಲ್ಲಿ ಎರಡು ಡಬ್ಬಿಯಾಗಿ, ಯಾವ ಪುಸ್ತಕ ನಿಜವಾದದ್ದು ಎಂಬ ಗೊಂದಲ ಉಳಿಯುತ್ತದೆ.

ದೊಡ್ಡ ಕೆಲಸ ಇಟ್ಟವರದು. ದುರಸ್ತಿಯ ಸುದ್ದಿ ಬಂದರೆ ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಹೋಗಿ ನೋಡಬೇಕೆಂಬುದು ನಿಯಮ. ಹೋಗದಿದ್ದರೆ ಸ್ವಯಂಸೇವಕ ಪರಿಶೀಲಕರು ಆ ಡಬ್ಬಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ. ತುಂಬಿದ ಪುಸ್ತಕವನ್ನು ಮನೆಗೆ ತಂದು, ನೆರಳಿನಲ್ಲಿ ಹಾಳೆ ಹಾಳೆ ಬಿಡಿಸಿ ಒಣಗಿಸಿ, ಫೋಟೊ ತೆಗೆದು ಜೋಪಾನ ಮಾಡಬೇಕು. ಯಾರದೋ ಮಗು ಮೊದಲ ಸಲ ಬರೆದ ಹೆಸರು ಅದರಲ್ಲಿರಬಹುದು. ನೋಡಿಕೊಳ್ಳಲು ಆಗದ ಕಾಲ ಬಂದರೆ ಬೇರೆಯವರಿಗೆ ಒಪ್ಪಿಸಬೇಕು, ಇಲ್ಲವೇ ಡಬ್ಬಿಯನ್ನು ಹಿಂದಕ್ಕೆ ತರಬೇಕು. ಬಿಟ್ಟುಹೋದ ಡಬ್ಬಿ ಬರೀ ಪ್ಲಾಸ್ಟಿಕ್ ಕಸ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಇದಕ್ಕೆ ಊರಿನ ಹವೆಗೆ ತಕ್ಕ ಜಾಣ್ಮೆ ಬೇಕು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಅಂಥ ಕಡೆಯ ಉಪ್ಪುಗಾಳಿಗೆ ತಗಡಿನ ಡಬ್ಬಿ ಬೇಗ ತುಕ್ಕು ಹಿಡಿಯುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಲೇಸು. ಮುಚ್ಚುವ ಮುನ್ನ ಅಂಚಿನ ಹೊಯಿಗೆ ಒರೆಸದಿದ್ದರೆ ಎಂಥ ಮುಚ್ಚಳವೂ ಸೋರುತ್ತದೆ. ಪೆನ್ನಿನ ಶಾಯಿ ಹಬ್ಬುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಮೇ ಕೊನೆಯಲ್ಲಿ ಒಮ್ಮೆ, ಮಳೆಗಾಲದ ನಡುವೆ ಹೊಳವಾದಾಗ ಒಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ಹೋಗಿ ನೋಡಿದರೆ ಪುಸ್ತಕ ಬದುಕುತ್ತದೆ.

ಎಲ್ಲಿ ಇಡಬಾರದು ಎಂಬುದೂ ಅಷ್ಟೇ ಮುಖ್ಯ. ಜಾಗದ ಯಜಮಾನರ ಸ್ಪಷ್ಟ ಒಪ್ಪಿಗೆಯಿಲ್ಲದೆ ನೆಲ ಅಗೆದು ಹೂಳುವುದನ್ನು ಆಟದ ನಿಯಮವೇ ಒಪ್ಪುವುದಿಲ್ಲ. ಕಡಲಾಮೆಗಳು ಮೊಟ್ಟೆಯಿಡುವ ಕೋಡಿ ಕಿನಾರೆಯ ಹೊಯಿಗೆಯನ್ನು ಕೆದಕುವುದಂತೂ ಅಪರಾಧಕ್ಕೆ ಸಮ. ಬಾರ್ಕೂರಿನ ಬಸದಿ, ದೇಗುಲಗಳ ಹಳೆಯ ಕಲ್ಲಿನ ಸಂದಿ ಬೇಡ. ಕೊಲ್ಲೂರು ಸುತ್ತಲಿನ ಮೂಕಾಂಬಿಕಾ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಬೇಡ. ಕೊಂಕಣ ರೈಲಿನ ಹಳಿ, ಸೇತುವೆಗಳ ಹತ್ತಿರವೂ ಬೇಡ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಗಾಬರಿಯಾಗುವುದು ಸಹಜ. ಪಾರದರ್ಶಕ ಡಬ್ಬಿಯ ಮೇಲೆ ಇದೇನೆಂದು ಕನ್ನಡದಲ್ಲಿ ಬರೆದಿಡಿ, ಜಾಗದ ಯಜಮಾನರನ್ನು ಕೇಳಿಯೇ ಇಡಿ.

ಈ ಆಟ ನಮ್ಮ ಮಕ್ಕಳನ್ನು ಒತ್ತಿನೆಣೆಯ ಗುಡ್ಡಕ್ಕೂ ಬಾರ್ಕೂರಿನ ಕೆರೆದಂಡೆಗೂ ಕರೆದೊಯ್ಯಲಿ ಎಂಬುದು ನನ್ನ ಆಸೆ. ಆದರೆ ಜಡಿಮಳೆಯ ನಂತರ ನಡೆದುಹೋಗಿ ಮುಚ್ಚಳ ತೆರೆದು ನೋಡುವಷ್ಟು ಹತ್ತಿರದಲ್ಲಿ ಮಾತ್ರ ಡಬ್ಬಿ ಇಡಿ. ಹತ್ತು ಕಡೆ ಇಟ್ಟು ಮರೆಯುವುದಕ್ಕಿಂತ ಒಂದೇ ಕಡೆ ಇಟ್ಟು, ಅದರ ಪುಸ್ತಕವನ್ನು ಒಣಗಿಸಿಟ್ಟುಕೊಳ್ಳಿ.