ಒಣಮರದೊಳಗಣ ಸಂಸಾರ

ಕುಂದಾಪುರದ ಒಳನಾಡಿನಲ್ಲಿ, ಕಡಲಿಗೂ ಸಹ್ಯಾದ್ರಿಗೂ ನಡುವೆ ಇರುವ ಊರು ಶಂಕರನಾರಾಯಣ. ತೆಂಗು ಅಡಕೆಯ ತೋಟಗಳು ಕಾಡಂಚನ್ನು ತಾಗುವ ಇಂಥ ಎಡೆಗಳಲ್ಲಿ ಬೇಸಿಗೆಯ ಮುಂಜಾನೆ ‘ಟಕ್ ಟಕ್’ ಸದ್ದು ಕೇಳಿಬಂದರೆ, ಮರಕುಟಿಗವು ಮನೆ ಕಟ್ಟುತ್ತಿದೆಯೆಂದು ತಿಳಿಯಬಹುದು.

ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೊಂಬಣ್ಣದ ಬೆನ್ನಿನ ಮರಕುಟಿಗ. ಗಂಡಿನ ನೆತ್ತಿಯೆಲ್ಲ ಕೆಂಪು; ಹೆಣ್ಣಿನ ಮುಂದಲೆ ಕಪ್ಪು, ಅದರ ಮೇಲೆ ಬಿಳಿಯ ಚುಕ್ಕೆಗಳು. ಎರಡೂ ಸೇರಿ ಮರದಲ್ಲಿ ಪೊಟರೆ ಕೊರೆಯುತ್ತವೆ. ಒಳಗೆ ಹುಲ್ಲಿನ ಹಾಸಿಗೆಯಿಲ್ಲ. ಬರಿಯ ತಳದ ಮೇಲೆ ಎರಡು ಮೂರು ಬಿಳಿಯ ಮೊಟ್ಟೆಗಳು. ಸುಮಾರು 11 ದಿನ ಕಾವು; ಬಳಿಕ ಸುಮಾರು 20 ದಿನಗಳಲ್ಲಿ ಮರಿಗಳು ಗೂಡು ಬಿಡುತ್ತವೆ. ಗುಟುಕು ನೀಡುವ ಕಾರ್ಯದಲ್ಲಿ ತಂದೆತಾಯಿಗಳಿಬ್ಬರಿಗೂ ಪಾಲು.

ಇದಕ್ಕಿಂತ ಸೋಜಿಗದ್ದು ಕಂದು ಮರಕುಟಿಗದ ಬಾಳು. ಮರದ ಮೇಲೆ ಇರುವೆಗಳು ಕಟ್ಟಿದ ಉಂಡೆಯಂಥ ಗೂಡನ್ನೇ ಕೊರೆದು, ಅವುಗಳ ನಡುವೆಯೇ ಅದು ಮೊಟ್ಟೆಯಿಡುತ್ತದೆ. ಅದರ ಮುಖ್ಯ ಆಹಾರವೂ ಇರುವೆಯೇ!

ನೋಡಬಯಸುವವರು ದೂರದಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಬೇಕು. ಮರವನ್ನು ತಟ್ಟುವುದಾಗಲಿ, ಪೊಟರೆಗೆ ಕೈಯಿಕ್ಕುವುದಾಗಲಿ ಸಲ್ಲದು. ಗುಟುಕು ತಂದ ಹಕ್ಕಿ ಒಳಹೋಗದೆ ಕೂಗುತ್ತಿದ್ದರೆ, ನಾವು ಹತ್ತಿರವಾದೆವೆಂದೇ ಅರ್ಥ. ಹಿಂದೆ ಸರಿಯುವುದು ಲೇಸು.

ಮರಕುಟಿಗ ಬಿಟ್ಟುಹೋದ ಪೊಟರೆಯೂ ವ್ಯರ್ಥವಲ್ಲ. ತಾವಾಗಿ ಕೊರೆಯಲಾರದ ಮೈನಾ, ಗಿಳಿ, ಹಾಲಕ್ಕಿಗಳಿಗೆ ಅದೇ ಆಸರೆ. ಆದುದರಿಂದ ತೋಟದ ಅಂಚಿನಲ್ಲಿ ನಿಂತ ಒಣಮರವನ್ನು ಕಂಡೊಡನೆ ಸೌದೆಯೆಂದು ಕೊಡಲಿ ಎತ್ತದಿರೋಣ. ಮನೆಗೂ ದಾರಿಗೂ ಅಪಾಯವಿಲ್ಲದ್ದಾದರೆ ಅದು ನಿಂತಿರಲಿ. ನಮಗೆ ಸತ್ತಂತೆ ತೋರುವ ಮರದಲ್ಲಿ ಎಷ್ಟೋ ಸಂಸಾರಗಳು ಬದುಕುತ್ತಿರುತ್ತವೆ.